ಪಹಾಡ್‌ಗಂಜ್ ತಲುಪದ ಆಟೊ: ಗದಗಿನ ಕುಟುಂಬವೊಂದರ ದೆಹಲಿ ಪ್ರವಾಸದ ಪ್ರಕರಣ ಅಧ್ಯಯನ

ಹುಬ್ಬಳ್ಳಿಯಲ್ಲಿ ರೈಲು ಟಿಕೆಟ್, ಹೋಟೆಲ್ ರೂಮು ಬುಕ್ ಮಾಡಿಕೊಡುವುದು ನನ್ನ ಕೆಲಸ. ಗದಗ, ಹಾವೇರಿ ಕಡೆಯಿಂದ ಉತ್ತರ ಭಾರತ ನೋಡಲು ಹೋಗುವವರು ನನ್ನಲ್ಲಿಗೆ ಬರುತ್ತಾರೆ. ಇಲ್ಲಿ ಬರೆದಿರುವುದು ಅಂಥ ಒಂದು ಕುಟುಂಬದ ಅನುಭವ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಹೋಟೆಲ್ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಆದರೆ ಯಾರು ಯಾವಾಗ ಏನು ನಿರ್ಧಾರ ಮಾಡಿದರು ಅನ್ನುವುದನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ. ಕಲಿಯುವುದೆಲ್ಲ ಇರುವುದು ಅಲ್ಲೇ.

ಹಿನ್ನೆಲೆ

ಹೊರಟವರು ನಾಲ್ಕು ಜನ. ಗದಗ ತಾಲ್ಲೂಕಿನ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರರು, ಅವರ ಹೆಂಡತಿ, ಅವರ ಅಕ್ಕ, ಮತ್ತು ತಮ್ಮನ ಮಗ. ಹುಡುಗನಿಗೆ ಇಪ್ಪತ್ತನಾಲ್ಕು ವಯಸ್ಸು, ಗದಗಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ದೆಹಲಿ, ಆಗ್ರಾ ನೋಡಿ ವಾಪಸ್ ಬರುವುದು ಯೋಜನೆ. ಹುಬ್ಬಳ್ಳಿಯಿಂದ ದೆಹಲಿಯ ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ ನೇರ ರೈಲಿನ ಟಿಕೆಟ್, ನ್ಯೂ ದೆಹಲಿ ನಿಲ್ದಾಣದ ಪಕ್ಕದ ಪಹಾಡ್‌ಗಂಜ್‌ನಲ್ಲಿ ಎರಡು ರೂಮು, ಆಗ್ರಾಕ್ಕೆ ಹೋಗಿಬರುವ ರೈಲಿನ ಟಿಕೆಟ್ ಎಲ್ಲವೂ ಮೊದಲೇ ಆಗಿತ್ತು. ಎಲ್ಲ ವಿವರ ಬರೆದ ಒಂದು ಹಾಳೆಯನ್ನೂ ಕೊಟ್ಟಿದ್ದೆ. ಹೋಟೆಲ್ ಫೋನ್ ನಂಬರ್ ಅದರಲ್ಲೇ ಇತ್ತು.

ಇವರು ತಿಳಿಯದ ಜನ ಅಲ್ಲ. ಮೋಸ ಹೋದವರನ್ನು ‘ಹಳ್ಳಿ ಮಂದಿ’ ಎಂದು ತಳ್ಳಿಹಾಕುವವರನ್ನು ನಾನು ಬಹಳ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮಾಸ್ತರರಿಗೆ ಹಿಂದಿ ಬರುತ್ತದೆ. ಹುಡುಗ ದಿನಾ ಗಿರಾಕಿಗಳ ಜೊತೆ ವ್ಯವಹಾರ ಮಾಡುವವನು. ದೊಡ್ಡ ನಿಲ್ದಾಣ ಕಂಡು ಹೆದರುವವರೂ ಅಲ್ಲ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ನಮ್ಮ ಹುಬ್ಬಳ್ಳಿ ಸಿದ್ಧಾರೂಢ ನಿಲ್ದಾಣದಿಂದಲೇ ಹತ್ತಿದವರು ಅವರು. ಹಾಗಿದ್ದೂ ಮೊದಲ ಸಂಜೆಯೇ ಸಿಕ್ಕಿಬಿದ್ದರು.

ಮೊದಲ ಸಂಜೆ ನಡೆದದ್ದು

ರೈಲು ತಡವಾಗಿ, ಕತ್ತಲಾಗುವ ಹೊತ್ತಿಗೆ ನಿಜಾಮುದ್ದೀನ್ ಸೇರಿತು. ಎಲ್ಲರಿಗೂ ಸುಸ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ, ಕಾಲು ಬೇರೆ ಬಾತಿತ್ತು. ಹುಡುಗನ ಸ್ಮಾರ್ಟ್‌ಫೋನ್ ಚಾರ್ಜ್ ಮುಗಿದು ಆಫ್ ಆಗಿತ್ತು. ಮಾಸ್ತರರ ಅಂಗಿ ಜೇಬಿನಲ್ಲಿ ಗುಂಡಿ ಒತ್ತುವ ಸಣ್ಣ ಫೋನ್ ಇತ್ತು, ಅದರಲ್ಲಿ ಚಾರ್ಜೂ ಇತ್ತು. ನಾನು ಕೊಟ್ಟ ಹಾಳೆ ದೊಡ್ಡ ಬ್ಯಾಗಿನ ತಳದಲ್ಲಿ, ರೊಟ್ಟಿ ಡಬ್ಬಿಯ ಕೆಳಗೆ ಇತ್ತು. ಈ ಮೂರು ವಿಷಯ ನೆನಪಿಡಿ.

ನಿಲ್ದಾಣದ ಹೊರಗೆ ಪೊಲೀಸರ ಪ್ರೀಪೇಯ್ಡ್ ಆಟೊ ಬೂತ್ ಇದೆ, ಬಾಡಿಗೆ ಮೊದಲೇ ಕಟ್ಟಿ ಚೀಟಿ ಪಡೆಯುವ ಜಾಗ. ಅಲ್ಲಿಗೇ ಹೋಗಿ ಎಂದು ಹಾಳೆಯಲ್ಲಿ ಬರೆದಿದ್ದೆ. ಆದರೆ ಹೊರಗೆ ಬರುವ ಮೊದಲೇ, ಮೆಟ್ಟಿಲ ಹತ್ತಿರ ಒಬ್ಬ ಬಂದು ಅಕ್ಕನ ಕೈಯಿಂದ ಚೀಲ ತಗೊಂಡ. ಮಾಸ್ತರರು ಮಾತಾಡಿದ್ದನ್ನು ಕೇಳಿ, ಅವರು ಶಿಕ್ಷಕರು ಅಂತ ತಿಳಿದು, ‘ಗುರೂಜಿ’ ಎಂದು ಕಾಲು ಮುಟ್ಟಿದ. ಪಹಾಡ್‌ಗಂಜ್‌ಗೆ ನೂರು ರೂಪಾಯಿ ಸಾಕು ಎಂದ. ಬೂತ್ ಮುಂದೆ ಸಾಲು ಉದ್ದ ಇತ್ತು. ಇವರು ಆಟೊ ಹತ್ತಿದರು. ನಾಲ್ಕು ಜನ, ಸಾಮಾನು ಹಿಂದೆ.

ನೂರು ರೂಪಾಯಿ ಅನ್ನುವುದೇ ಮೊದಲ ಸುಳಿವು. ಅಷ್ಟು ದೂರಕ್ಕೆ, ಅಷ್ಟು ಸಾಮಾನಿಗೆ, ರಾತ್ರಿ ಹೊತ್ತಲ್ಲಿ ಹುಬ್ಬಳ್ಳಿಯಲ್ಲೂ ಯಾರೂ ಅಷ್ಟಕ್ಕೆ ಬರುವುದಿಲ್ಲ. ಬಾಡಿಗೆ ಕಡಿಮೆ ಕೇಳುವವನ ಗಳಿಕೆ ಬೇರೆ ಎಲ್ಲೋ ಇರುತ್ತದೆ.

ಅರ್ಧ ದಾರಿಯಲ್ಲಿ ಡ್ರೈವರ್ ಹೋಟೆಲ್ ಹೆಸರು ಕೇಳಿದ. ಹೇಳಿದರು. ಅವನು ತಲೆ ಅಲ್ಲಾಡಿಸಿ, ಆ ಗಲ್ಲಿಯಲ್ಲಿ ಗಲಾಟೆ ಆಗಿದೆ, ಪೊಲೀಸರು ದಾರಿ ಮುಚ್ಚಿದ್ದಾರೆ, ಆ ಹೋಟೆಲ್ ಬಂದ್ ಆಗಿದೆ ಎಂದ. ನಂಬಿಕೆ ಇಲ್ಲದಿದ್ದರೆ ನೀವೇ ಮಾತಾಡಿ ಎಂದು ತನ್ನ ಫೋನಿನಿಂದ ಒಂದು ನಂಬರ್ ಒತ್ತಿದ. ಆ ಕಡೆ ಎತ್ತಿದವನಿಗೆ ಮಾಸ್ತರರ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿ ಫೋನ್ ಕೊಟ್ಟ. ಆ ಕಡೆಯವನು ಅದೇ ಹೆಸರು ಹಿಡಿದು ಮಾತಾಡಿದ. ‘ಹೌದು ಸರ್, ನಿಮ್ಮ ಬುಕಿಂಗ್ ಇತ್ತು, ಇವತ್ತು ರೂಮು ಕೊಡಕ್ಕಾಗಲ್ಲ, ಕ್ಷಮಿಸಿ’ ಎಂದ. ಮಾಸ್ತರರು ನಂಬಿದರು. ಯಾರಾದರೂ ನಂಬುವಂತೆಯೇ ಇತ್ತು.

ಆಗ ಅಕ್ಕ ಒಂದು ಮಾತು ಹೇಳಿದರು: “ಅಲ್ಲೇ ಹೋಗಿ ಒಂದ್ಸಲ ಕಣ್ಣಿಂದ ನೋಡೂಣಲ್ಲ. ಬಂದ್ ಇದ್ರ ಆಮ್ಯಾಲೆ ಬ್ಯಾರೆ ಕಡೆ ಹೋಗೂಣು.”

ಮಾಸ್ತರರು, “ಅಕ್ಕಾ, ನಿನಗ ಹಿಂದಿ ತಿಳಿಯಂಗಿಲ್ಲ, ಸುಮ್ನ ಕುಂದ್ರು,” ಎಂದರು.

ಆಟೊ ಕನಾಟ್ ಪ್ಲೇಸ್ ಹತ್ತಿರ ಒಂದು ಮಹಡಿ ಆಫೀಸಿನ ಮುಂದೆ ನಿಂತಿತು. ಬೋರ್ಡಿನಲ್ಲಿ ಟೂರಿಸ್ಟ್ ಇನ್‌ಫರ್ಮೇಶನ್ ಎಂದಿತ್ತು. ಒಳಗೆ ಭಾರತದ ನಕ್ಷೆ, ತಾಜ್‌ಮಹಲ್ ಚಿತ್ರ. ಟೈ ಹಾಕಿದವನೊಬ್ಬ ಚಹಾ ತರಿಸಿದ. ಹುಡುಗನ ಫೋನನ್ನು ಚಾರ್ಜಿಗೆ ಹಾಕಿಸಿದ. ಇದು ಸರ್ಕಾರ ಒಪ್ಪಿದ ಆಫೀಸು ಎಂದ. ದೆಹಲಿಯಲ್ಲಿ ಈ ವಾರ ರೂಮೇ ಇಲ್ಲ, ಆಗ್ರಾ, ಜೈಪುರ ಸೇರಿಸಿ ಕಾರು, ಹೋಟೆಲ್ ಎಲ್ಲಾ ಸೇರಿ ನಲವತ್ತಾರು ಸಾವಿರ ಎಂದ. ಮಾಸ್ತರರು ಜಗ್ಗಿ ಮೂವತ್ತೆಂಟಕ್ಕೆ ಇಳಿಸಿದರು. ಇಳಿಸಿದ ಸಮಾಧಾನದಲ್ಲೇ ಹುಡುಗ ಯುಪಿಐನಲ್ಲಿ ಹತ್ತು ಸಾವಿರ ಮುಂಗಡ ಕಳಿಸಿದ.

ಈ ಚೌಕಾಸಿಯ ಬಗ್ಗೆ ನನಗೆ ಬಹಳ ಅನಿಸಿದೆ. ನಮ್ಮ ಕಡೆ ಜನಕ್ಕೆ ಬೆಲೆ ಇಳಿಸಿದರೆ ಗೆದ್ದೆವು ಅನಿಸುತ್ತದೆ. ಎಷ್ಟಕ್ಕೆ ಅನ್ನುವ ಮಾತು ಶುರುವಾದ ಕೂಡಲೇ, ಬೇಕೋ ಬೇಡವೋ ಅನ್ನುವ ಪ್ರಶ್ನೆ ಮರೆತುಹೋಗುತ್ತದೆ. ಆಗ್ರಾದ ಟಿಕೆಟ್ ಆಗಲೇ ಇವರ ಕೈಯಲ್ಲಿತ್ತು. ಜೈಪುರಕ್ಕೆ ಹೋಗುವ ಆಸೆ ಯಾರಿಗೂ ಇರಲಿಲ್ಲ.

ತಿರುವು

ಇಲ್ಲಿ ಕಥೆ ತಿರುಗಿದ್ದು ಮತ್ತೆ ಅಕ್ಕನಿಂದಲೇ. ಅವರು ಮಾತ್ರೆ ತಗೊಳ್ಳುವ ಹೊತ್ತಾಗಿತ್ತು. ಮಾತ್ರೆ ಇದ್ದ ಬ್ಯಾಗು ಇನ್ನೂ ಆಟೊದಲ್ಲೇ ಇತ್ತು. ಹುಡುಗನನ್ನು ಕೆಳಗೆ ಕಳಿಸುವಾಗ, “ಹುಬ್ಬಳ್ಳಿ ಅಣ್ಣಾಗ ಒಂದ್ ಫೋನ್ ಮಾಡ್ ತಮ್ಮಾ,” ಎಂದು ಮೆಲ್ಲಗೆ ಹೇಳಿದರು.

ಅವನ ಫೋನ್ ಬಂದಾಗ ನಾನು ಅಂಗಡಿ ಮುಚ್ಚುತ್ತಿದ್ದೆ.

“ಅಣ್ಣಾ, ಹೋಟೆಲ್ ಬಂದ್ ಐತಂತ್ರೀ. ಸರ್ಕಾರಿ ಆಫೀಸ್‌ನ್ಯಾಗ ಕುಂತೀವ್ರಿ. ಹತ್ತ ಸಾವಿರ ಕೊಟ್ಟೇವ್ರಿ.”

“ಹೋಟೆಲಿಗೆ ಫೋನ್ ಮಾಡಿದ್ದು ಯಾರು?”

“ಆಟೊದಾಂವ್ರಿ.”

“ಯಾರ ಫೋನಿಂದ? ಯಾವ ನಂಬರಿಗೆ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅವನ ಫೋನಿಂದ್ರೀ. ನಂಬರ್ ನಾವು ಕೊಟ್ಟೇ ಇಲ್ರಿ,” ಎಂದ.

ಹುಡುಗನಿಗೆ ಅಷ್ಟು ಸಾಕಾಯಿತು. ನಾನು ಹೇಳಿದ್ದು ಎರಡೇ ಮಾತು. ಮೊದಲು ಎಲ್ಲ ಸಾಮಾನು ಆಟೊದಿಂದ ಕೆಳಗಿಳಿಸಿ ನಿಮ್ಮ ಕೈಯಲ್ಲಿಟ್ಟುಕೊಳ್ಳಿ, ಮಾತ್ರೆ ಬೇಕು ಅಂದರೆ ಯಾರೂ ತಡೆಯುವುದಿಲ್ಲ. ಆಮೇಲೆ ಬ್ಯಾಗಿನ ತಳದ ಹಾಳೆ ತೆಗೆದು, ಅದರಲ್ಲಿರುವ ನಂಬರಿಗೆ ನೀನೇ ಫೋನ್ ಮಾಡು. ಹೋಟೆಲಿನವನಿಗೆ ನಿಮ್ಮ ಹೆಸರು ಹೇಳಬೇಡ. ಯಾರ ಹೆಸರಲ್ಲಿ ಬುಕಿಂಗ್ ಇದೆ, ಮುಂಗಡ ಎಷ್ಟು ಬಂದಿದೆ ಅಂತ ಅವನನ್ನೇ ಕೇಳು.

ಹೋಟೆಲಿನವನು ಎರಡಕ್ಕೂ ಸರಿಯಾಗಿ ಉತ್ತರ ಕೊಟ್ಟ. ಊಟ ಇಡಿಸಿದ್ದೇನೆ, ಎಲ್ಲಿದ್ದೀರಿ ಎಂದು ಅವನೇ ಕೇಳಿದ. ಗಲ್ಲಿಯಲ್ಲಿ ಯಾವ ಗಲಾಟೆಯೂ ಇರಲಿಲ್ಲ.

ಸಾಮಾನು ಮೊದಲು ಅಂದದ್ದಕ್ಕೆ ಕಾರಣ ಇದೆ. ಇಂಥ ಕಡೆ ಜನ ಜಗಳಕ್ಕೆ ಧೈರ್ಯ ಮಾಡದಿರುವುದು ಬ್ಯಾಗು ಇನ್ನೊಬ್ಬರ ಗಾಡಿಯಲ್ಲಿ ಇರುತ್ತದೆ ಅಂತ. ಬ್ಯಾಗು ಕೈಗೆ ಬಂದರೆ ಎದ್ದು ಹೋಗುವ ದಾರಿ ತೆರೆಯುತ್ತದೆ.

ಹಣ ವಾಪಸ್ ಕೇಳಿದ್ದು

ಹುಡುಗ ಮೇಲೆ ಬಂದು ಕನ್ನಡದಲ್ಲೇ ಎಲ್ಲ ಹೇಳಿದ. ಮಾಸ್ತರರ ಮುಖ ಇಳಿಯಿತಂತೆ, ಆದರೆ ಕೂಗಾಡಲಿಲ್ಲ. ಇದನ್ನು ನಾನು ಮೆಚ್ಚುತ್ತೇನೆ. ನಮಗೆ ಪ್ರವಾಸ ಬೇಡ, ಮುಂಗಡ ವಾಪಸ್ ಕೊಡಿ ಎಂದರು. ಮುಂಗಡ ವಾಪಸ್ ಇಲ್ಲ, ಕಾರು ಆಗಲೇ ಹೊರಟಿದೆ ಎಂದು ಟೈನವನು ಹೇಳಿದ. ಹಾಗಾದರೆ ರಸೀದಿ ಕೊಡಿ ಎಂದರು. ಕೊಟ್ಟ ಚೀಟಿಯಲ್ಲಿ ಜಿಎಸ್‌ಟಿ ನಂಬರ್ ಇರಲಿಲ್ಲ, ವಿಳಾಸ ಇರಲಿಲ್ಲ. ಮಾಸ್ತರರು ಡೈರಿ ತೆಗೆದು ಬೋರ್ಡಿನ ಹೆಸರು, ಮಹಡಿ, ಹೊತ್ತು ಎಲ್ಲ ಅವನ ಮುಂದೆಯೇ ಬರೆದುಕೊಂಡರು. ಆಮೇಲೆ ಜೇಬಿನ ಸಣ್ಣ ಫೋನ್ ತೆಗೆದು ತುರ್ತು ಸಹಾಯದ 112 ಒತ್ತಿ, ಕರೆ ಮಾಡುವ ಮೊದಲು ಅವನಿಗೆ ತೋರಿಸಿದರು.

ದನಿ ಬದಲಾಯಿತು. ನಾಲ್ಕು ಸಾವಿರ ಕ್ಯಾನ್ಸಲ್ ಚಾರ್ಜ್ ಎಂದು ಹಿಡಿದುಕೊಂಡು ಆರು ಸಾವಿರ ನಗದು ಕೊಟ್ಟ.

ತಗೊಂಡು ಹೊರಡಬೇಕೋ, ಪೂರ್ತಿ ಬರುವವರೆಗೂ ಕೂರಬೇಕೋ? ಹುಡುಗನಿಗೆ ಕೂರಬೇಕು ಅಂತ. ಮಾಸ್ತರರು ಹೊರಟರು. ಗೊತ್ತಿಲ್ಲದ ಊರು, ರಾತ್ರಿ, ಜೊತೆಗೆ ಕಾಲು ಬಾತ ಅಕ್ಕ. ಆ ಹೊತ್ತಿನಲ್ಲಿ ಆರು ಸಾವಿರ ತಗೊಂಡು ಎದ್ದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ದೂರು ಮಾರನೇ ದಿನವೂ ಕೊಡಬಹುದು.

ಹೋಟೆಲಿನವನು ಆಟೊ ಬೇಡ, ಮೆಟ್ರೊ ಹತ್ತಿ ಎಂದಿದ್ದ. ಕನಾಟ್ ಪ್ಲೇಸ್‌ನ ಮೆಟ್ರೊ ನಿಲ್ದಾಣ ರಾಜೀವ್ ಚೌಕ್‌ನಿಂದ ನೀಲಿ ಲೈನಿನಲ್ಲಿ ಒಂದೇ ನಿಲ್ದಾಣ, ರಾಮಕೃಷ್ಣ ಆಶ್ರಮ ಮಾರ್ಗ. ಅಲ್ಲಿಗೆ ತನ್ನ ಹುಡುಗನನ್ನು ಕಳಿಸಿದ್ದ. ಅರ್ಧ ಗಂಟೆಯಲ್ಲಿ ರೂಮು ಸೇರಿದರು.

ಮಾರನೇ ದಿನ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದರು. ಸೈಬರ್ ವಂಚನೆಯ 1930 ನಂಬರಿಗೂ ಹೇಳಿದರು. ಹಣ ನೀವೇ ಪಿನ್ ಒತ್ತಿ ಕಳಿಸಿದ್ದು ಎಂದು ಬ್ಯಾಂಕಿನವರು ಹೇಳಿದರು. ಉಳಿದ ನಾಲ್ಕು ಸಾವಿರ ಇವತ್ತಿಗೂ ಬಂದಿಲ್ಲ.

ಆಮೇಲಿನ ದಿನಗಳು

ಮೊದಲ ಸಂಜೆಯ ಪಾಠ ಉಳಿದ ದಿನಗಳಲ್ಲಿ ಎಷ್ಟು ಕೆಲಸಕ್ಕೆ ಬಂತು ಅನ್ನುವುದೇ ಈ ಪ್ರಕರಣದ ಒಳ್ಳೆಯ ಭಾಗ.

ಕೆಂಪು ಕೋಟೆಗೆ ಹೋಗುವಾಗ ಸೈಕಲ್ ರಿಕ್ಷಾದವನೊಬ್ಬ, ಈಗ ಬಂದ್ ಇದೆ, ಮಧ್ಯಾಹ್ನ ತೆಗೆಯುತ್ತಾರೆ, ಅಲ್ಲಿವರೆಗೆ ಮಾರ್ಕೆಟ್ ತೋರಿಸುತ್ತೇನೆ ಎಂದ. ಇವರು ನಿಲ್ಲದೆ ಗೇಟಿನವರೆಗೆ ನಡೆದರು. ಗೇಟು ತೆಗೆದಿತ್ತು. ಕೆಂಪು ಕೋಟೆಗೆ ಸೋಮವಾರ ರಜೆ, ತಾಜ್‌ಮಹಲಿಗೆ ಶುಕ್ರವಾರ ರಜೆ. ಇದು ಗೊತ್ತಿದ್ದರೆ ಬೇರೆ ದಿನ ‘ಬಂದ್’ ಅನ್ನುವವನ ಮಾತಿಗೆ ನಿಲ್ಲುವುದೇ ಬೇಡ.

ಆಗ್ರಾಕ್ಕೆ ಹೊರಟ ಬೆಳಗ್ಗೆ ನ್ಯೂ ದೆಹಲಿ ನಿಲ್ದಾಣದ ಪಹಾಡ್‌ಗಂಜ್ ಕಡೆಯ ಬಾಗಿಲಲ್ಲಿ ಇನ್ನೊಬ್ಬ ಸಿಕ್ಕ. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಟಿಕೆಟ್ ನೋಡಿ, ಇದಕ್ಕೆ ಸೀಲ್ ಬೇಕು, ಆಫೀಸಿಗೆ ಬನ್ನಿ ಎಂದ. ಕನ್‌ಫರ್ಮ್ ಆದ ಇ-ಟಿಕೆಟ್‌ಗೆ ಯಾವ ಸೀಲೂ ಬೇಡ. ಫೋನಿನಲ್ಲಿ ಬಂದ ಮೆಸೇಜ್ ಮತ್ತು ಒಂದು ಅಸಲಿ ಗುರುತಿನ ಚೀಟಿ ಇದ್ದರೆ ಸಾಕು. ಹುಡುಗ ಅವನ ಜೊತೆ ವಾದ ಮಾಡಲಿಲ್ಲ. ಪಕ್ಕಕ್ಕೆ ನಿಂತು ರೈಲ್ವೆಯ 139ಕ್ಕೆ ಫೋನ್ ಮಾಡಿ ಪಿಎನ್‌ಆರ್ ಹೇಳಿ ಸೀಟು ಖಚಿತ ಮಾಡಿಕೊಂಡ. ತಲೆ ಎತ್ತುವ ಹೊತ್ತಿಗೆ ಆ ಮನುಷ್ಯ ಇರಲಿಲ್ಲ.

ಆಗ್ರಾದಲ್ಲಿ ನಡೆದದ್ದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ತಾಜ್ ನೋಡಿ ಹೊರಬಂದ ಮೇಲೆ ಆಟೊದವನು ಕೇಳದೆಯೇ ಒಂದು ಅಮೃತಶಿಲೆ ಅಂಗಡಿಗೆ ಕರೆದೊಯ್ದ. ಅಂಗಡಿಯವನು ಒಂದು ತಟ್ಟೆಯ ಹಿಂದೆ ಟಾರ್ಚ್ ಹಿಡಿದು ಬೆಳಕು ಕಲ್ಲಿನೊಳಗೆ ಹಾಯುವುದನ್ನು ತೋರಿಸಿದ. ಅಸಲಿ ಅಮೃತಶಿಲೆಯಲ್ಲಿ ಬೆಳಕು ಹಾಯುವುದು ನಿಜ. ಆದರೆ ಮಾರಲು ಮುಂದಿಟ್ಟದ್ದು ಆ ತಟ್ಟೆಯನ್ನಲ್ಲ, ಪಕ್ಕದ ಸಾಲಿನ ಸಣ್ಣ ತಾಜ್‌ಮಹಲನ್ನು. ಬೆಲೆ ಹದಿನೆಂಟು ನೂರು.

ಮಾಸ್ತರರು ಅದನ್ನು ಕೈಗೆ ತಗೊಂಡು ತಿರುಗಿಸಿ ತಳ ನೋಡಿದರು. ಅವರು ಪ್ರತಿ ವರ್ಷ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋದವರು. ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಸಣ್ಣ ಕೆತ್ತನೆಗಳ ಮುಂದೆ ನಿಂತು, ಇಷ್ಟು ನಯವಾಗಿ ಕೆತ್ತಲು ಆಗಿದ್ದು ಇದು ಬಳಪದ ಕಲ್ಲು ಆದ್ದರಿಂದ, ಮೆತ್ತಗಿನ ಕಲ್ಲು ಇದು ಎಂದು ಮಕ್ಕಳಿಗೆ ಹೇಳಿಕೊಟ್ಟವರು. ಅಂಗಡಿಯವನನ್ನು ಕೇಳಿಯೇ ತಳದ ಮೇಲೆ ಉಗುರಿನಿಂದ ಗೀರಿದರು. ಗೀರು ಬಿತ್ತು, ಬಿಳಿ ಪುಡಿ ಬೆರಳಿಗೆ ಹತ್ತಿತು. ಅಮೃತಶಿಲೆ ಉಗುರಿಗೆ ಬಗ್ಗುವುದಿಲ್ಲ. ಇದು ಬಳಪದ ಕಲ್ಲು ಎಂದು ಹಿಂದಿಯಲ್ಲಿ ಶಾಂತವಾಗಿ ಹೇಳಿದರು. ಕೊನೆಗೆ ಅದನ್ನೇ ನೂರೈವತ್ತಕ್ಕೆ ಕೊಂಡರು, ಏನು ಕೊಳ್ಳುತ್ತಿದ್ದೇವೆ ಅಂತ ತಿಳಿದುಕೊಂಡೇ. ಅದು ಈಗ ಅವರ ಮನೆಯ ಟಿವಿ ಮೇಲಿದೆ.

ಇದರಿಂದ ನಾನು ತಿಳಿದದ್ದು

ದಿಲ್ಲಿಯ ಮೊದಲ ಸಂಜೆ ಮತ್ತು ಆಗ್ರಾದ ಮಧ್ಯಾಹ್ನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನುಷ್ಯರು ಅವರೇ. ಹಿಂದಿಯೂ ಅಷ್ಟೇ. ಬದಲಾದದ್ದು ಒಂದೇ: ಪರೀಕ್ಷೆ ಮಾಡುವ ಸಾಧನ ಯಾರದ್ದು ಅನ್ನುವುದು. ಆಟೊದಲ್ಲಿ ಅವನ ಫೋನ್, ಅವನ ನಂಬರ್, ಅವನ ಸ್ನೇಹಿತ. ಆಗ್ರಾದಲ್ಲಿ ಅಂಗಡಿಯವನು ತನ್ನ ಟಾರ್ಚು, ತನ್ನ ತಟ್ಟೆಯಿಂದ ಪರೀಕ್ಷೆ ಮಾಡಿ ತೋರಿಸಿದ. ಮಾಸ್ತರರು ಅದನ್ನು ಬಿಟ್ಟು ತಮ್ಮ ಉಗುರಿನಿಂದ ನೋಡಿದರು. ಮೋಸ ಮಾಡುವವನು ‘ನಂಬಿ’ ಎಂದಷ್ಟೇ ಹೇಳುವುದಿಲ್ಲ, ‘ಬೇಕಾದರೆ ಪರೀಕ್ಷೆ ಮಾಡಿ’ ಎಂದೇ ಹೇಳುತ್ತಾನೆ, ಪರೀಕ್ಷೆಯನ್ನೂ ತಾನೇ ತಂದಿರುತ್ತಾನೆ. ಹಾಗಾಗಿ ಸಂಶಯ ಬಂದಾಗ ವಿಚಾರಿಸಿ ಎಂದು ಹೇಳಿದರೆ ಸಾಲದು. ಮನೆಯಿಂದ ತಂದ ನಂಬರಿಗೆ, ನಿಮ್ಮ ಫೋನಿನಿಂದ ವಿಚಾರಿಸಿ ಅಂತಲೇ ಹೇಳಬೇಕು.

ಆಫೀಸು ಸರ್ಕಾರದ್ದೋ ಅಲ್ಲವೋ ಅನ್ನುವುದಕ್ಕೂ ಇದೇ ಮಾತು. ಕೇಂದ್ರ ಸರ್ಕಾರದ ಪ್ರವಾಸಿ ಮಾಹಿತಿ ಕಚೇರಿ ಜನಪಥ್ ರಸ್ತೆಯ 88ನೇ ನಂಬರಿನಲ್ಲಿದೆ. ಕನಾಟ್ ಪ್ಲೇಸ್ ಸುತ್ತ ಅಂಥದೇ ಹೆಸರಿನ ಖಾಸಗಿ ಅಂಗಡಿಗಳು ಬಹಳ. ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿ ದಿನದ 24 ಗಂಟೆಯೂ ಇದೆ. ಬೋರ್ಡ್ ನೋಡಿ ತೀರ್ಮಾನ ಮಾಡುವ ಬದಲು ಅಲ್ಲಿಗೆ ಕೇಳಬಹುದು.

ಇನ್ನೊಂದು, ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಅಕ್ಕನ ವಿಷಯ. ಇಡೀ ಗುಂಪಿನಲ್ಲಿ ಮೊದಲು ಸರಿಯಾಗಿ ಯೋಚನೆ ಮಾಡಿದ್ದು ಅವರೇ. ಯಾಕೆ? ಆಮೇಲೆ ಅವರನ್ನೇ ಕೇಳಿದೆ. “ಅಂವ ಏನ್ ಅಂತಾನ ನನಗ ತಿಳೀಲಿಲ್ಲಪಾ. ಮಾರಿ ನೋಡ್ಕೋತ ಕುಂತಿದ್ದೆ. ಫೋನ್ ಕೊಡೂಕಿಂತ ಮೊದಲ ನಮ್ಮ ತಮ್ಮನ ಹೆಸರು ಅಂವನಽ ಹೇಳಿದ,” ಎಂದರು. ಹಿಂದಿ ಬಾರದ ಕಾರಣ ಗುರೂಜಿ ಅನ್ನುವ ಸವಿಮಾತು ಅವರನ್ನು ಮುಟ್ಟಲಿಲ್ಲ. ಮಾತು ತಿಳಿದವರು ಮಾತಿನ ಹಿಂದೆ ಹೋದರು, ಅವರು ಕಂಡದ್ದನ್ನು ನೆನಪಿಟ್ಟರು. ಗುಂಪಿನಲ್ಲಿ ಭಾಷೆ ಬಲ್ಲವರೇ ಮುಂದಾಳು ಆಗುತ್ತಾರೆ, ಅದು ಸಹಜ. ಆದರೆ ನಿರ್ಧಾರವೂ ಅವರೊಬ್ಬರದೇ ಆಗಬಾರದು. ಹಣ ಕೊಡುವ ಮೊದಲು ಎಲ್ಲರೂ ಪಕ್ಕಕ್ಕೆ ಸರಿದು, ಕನ್ನಡದಲ್ಲಿ ಎರಡು ನಿಮಿಷ ಮಾತಾಡಿದ್ದರೆ ಆ ಹತ್ತು ಸಾವಿರ ಹೋಗುತ್ತಲೇ ಇರಲಿಲ್ಲ. ಮೋಸಗಾರನಿಗೆ ಅರ್ಥವಾಗದ ಭಾಷೆ ನಮ್ಮಲ್ಲಿದೆ, ಅದನ್ನು ಬಳಸಬೇಕು ಅಲ್ವಾ?

ಅವಸರದ ಬಗ್ಗೆಯೂ ಒಂದು ಮಾತು. ಪ್ರತಿ ಹಂತದಲ್ಲೂ ಇವರ ಸುಸ್ತು ಕೆಲಸ ಮಾಡಿದೆ. ಸಾಲು ಉದ್ದ ಅಂತ ಬೂತ್ ಬಿಟ್ಟರು, ಕಾಲು ನೋವು ಅಂತ ಕರೆದಲ್ಲಿ ಇಳಿದರು. ಅದಕ್ಕೇ ದೂರದ ಊರಿಗೆ ಕತ್ತಲಲ್ಲಿ ಇಳಿಯುವವರಿಗೆ ನಿಲ್ದಾಣದಲ್ಲೇ ಒಂದು ಅರ್ಧ ಗಂಟೆ ಕೂತು, ಚಹಾ ಕುಡಿದು, ಫೋನ್ ಚಾರ್ಜ್ ಮಾಡಿಕೊಂಡು, ಹೋಟೆಲಿಗೆ ಒಂದು ಕರೆ ಮಾಡಿ ಆಮೇಲೆ ಹೊರಡಿ ಎಂದು ಹೇಳುತ್ತೇನೆ. ಪ್ರೀಪೇಯ್ಡ್ ಆಟೊ ಹತ್ತಿದರೆ ಹೋಟೆಲ್ ಬಾಗಿಲಿಗೆ ಇಳಿದ ಮೇಲಷ್ಟೇ ಡ್ರೈವರ್‌ಗೆ ಚೀಟಿ ಕೊಡಬೇಕು. ಆ ಚೀಟಿ ಕೈಸೇರದೆ ಅವನಿಗೆ ಬಾಡಿಗೆ ಸಿಗುವುದಿಲ್ಲ, ಹಾಗಾಗಿ ಅರ್ಧ ದಾರಿಯಲ್ಲಿ ಬೇರೆಲ್ಲೋ ಇಳಿಸಲು ಬರುವುದಿಲ್ಲ.

ನನ್ನ ಅಂಗಡಿಯ ಹಾಳೆಯೂ ಈಗ ಬದಲಾಗಿದೆ. ಅಂಗೈ ಅಗಲದ ಚೀಟಿ ಮಾಡಿದ್ದೇನೆ, ಜೇಬಿಗೆ ಹಿಡಿಯುವಂಥದ್ದು. ಹೋಟೆಲ್ ನಂಬರ್, 112, 139, 1363, 1930, ಚಾಣಕ್ಯಪುರಿಯ ಕರ್ನಾಟಕ ಭವನ, ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘ, ನೋಡುವ ಜಾಗಗಳ ರಜೆ ದಿನ, ಎಲ್ಲ ದಪ್ಪ ಕನ್ನಡ ಅಕ್ಷರದಲ್ಲಿ. ಗುಂಪಿನಲ್ಲಿ ಎಷ್ಟು ಜನವೋ ಅಷ್ಟು ಪ್ರತಿ ಕೊಡುತ್ತೇನೆ. ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ, ಹೋಟೆಲಿಗೆ ಕೇಳುವ ಆ ಎರಡು ಪ್ರಶ್ನೆಗಳನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಸುತ್ತೇನೆ. ಮೊದಲು ಕೇಳಿಸುವುದು ಗುಂಪಿನಲ್ಲಿ ಹಿಂದಿ ಬಾರದವರಿಂದ. ಕಳೆದ ಬಾರಿ ರಾಣೆಬೆನ್ನೂರಿನಿಂದ ಬಂದ ಅಜ್ಜಿಯೊಬ್ಬರು ಮೂರನೇ ಸಲಕ್ಕೇ ತಪ್ಪಿಲ್ಲದೆ ಹೇಳಿದರು.